ಎಂಬತ್ತನೆಯ ದಿನ

ನಿನಗೆ ಎಂಬತ್ತು ತುಂಬಿದ ಬೆಳಗ್ಗೆ
ಬೆನ್ನಿಗೆ ಕಟ್ಟಿಕೊಂಡು ಹೊರಟೆ, ಲೆತೆಕಿದಾನ್.
ಗಂಡಾಗಿದ್ದರೆ ನಲವತ್ತಕ್ಕೇ ಹೋಗಬೇಕಿತ್ತು ದೀಕ್ಷಾಸ್ನಾನಕ್ಕೆ.
ಹೆಣ್ಣಾಗಿ ನನಗೆ ನಲವತ್ತು ದಿನ ಉಳಿಸಿಕೊಟ್ಟೆ;
ಆದರೂ ಹೆರಿಗೆಯಲ್ಲಿ ಹೋದ ನೆತ್ತರು ಮೈಗೆ ಮರಳಿರಲಿಲ್ಲ,
ಬಾವಿಯಿಂದ ಅರ್ಧ ಕೊಡ ತಂದರೆ
ಹೊಸ್ತಿಲಲ್ಲಿ ಕೂತು ಉಸಿರು ಹುಡುಕಬೇಕಿತ್ತು.

ಕೆಳಗಿನ ಇಗರ್ಜಿಗೆ ಮೂರೇ ಮೆಟ್ಟಿಲು, ತಗಡಿನ ಮಾಡು.
ಯುದ್ಧದ ಎರಡನೇ ವರ್ಷ ಮಾಡು ಹಾರಿತು,
ಸ್ನಾನದ ಕಲ್ಲುತೊಟ್ಟಿ ಬಿರಿಯಿತು,
ಅದರಲ್ಲೀಗ ಯಾರದೋ ಕೋಳಿ ಮೊಟ್ಟೆಯಿಡುತ್ತದೆ.
ನಿನ್ನಪ್ಪ ಉಪ್ಪು ತರಲು ಹೋದವನು
ನೀನು ಹೊಟ್ಟೆಯಲ್ಲಿ ಒದೆಯಲು ಕಲಿಯುವ ಮೊದಲೇ
ಸುದ್ದಿಯಾಗಿ ಬಂದ.

ಉಳಿದದ್ದು ಮೇಲಿನದೊಂದೇ,
ಗೆರಾಲ್ತಾದ ಕೆಂಪು ಬಂಡೆಯ ನೆತ್ತಿಯಲ್ಲಿ
ಯಾರೋ ಉಳಿ ಹಿಡಿದು ದೇವರನ್ನು ಕೂರಿಸಿದ ಗವಿ.
ನನ್ನಜ್ಜಿ ಏಳು ಸಲ ಹತ್ತಿದ್ದಳು.
ನಾನು ಏಳು ಸಲವೂ ಬುಡದಲ್ಲಿ ನಿಂತು
ಕತ್ತೆಗಳನ್ನು ಕಾಯುತ್ತೇನೆ ಅಂದಿದ್ದೆ.

ಬುಡದಲ್ಲಿ ಚಪ್ಪಲಿ ಬಿಡಬೇಕು. ಬಿಟ್ಟೆ.
ಮುದುಕ ಪಾದ್ರಿ ಕೆಶಿ ಹಿಲುಫ್ ಅಲ್ಲಿ
ಕಳ್ಳಿಹಣ್ಣು ಸುಲಿಯುತ್ತ ಕೂತಿದ್ದರು.
ಹತ್ತುವವರ ಕಾಲು ಹಿಡಿಯುವುದು ಅವರ ಕೆಲಸ.
ಆ ಕೆಲಸಕ್ಕೆ ಬೇರೆ ಹೆಸರಿಲ್ಲ.
ನನ್ನನ್ನು ನೋಡಿ, ಬೆನ್ನ ಮೇಲಿನ ಗಂಟು ನೋಡಿ,
"ಉಂಡಿದ್ದೀಯಾ?" ಎಂದರು.
ಉಪವಾಸ, ಎಂದೆ.
"ಒಳ್ಳೆಯದು, ಭಾರ ಕಡಿಮೆ."

ಮೊದಲ ಹತ್ತಾಳೆತ್ತರ ನಾನೇ ಹತ್ತಿದೆ.
ಹೆಮ್ಮೆಯಿಂದ ಹೇಳುತ್ತಿಲ್ಲ, ಹೆಮ್ಮೆಯೇ ಹತ್ತಿಸಿತು.
ಆಮೇಲೆ ಬಂಡೆ ನೆಟ್ಟಗಾಯಿತು,
ನನ್ನೊಳಗಿನದೇನೋ ಮಡಚಿಕೊಂಡಿತು.
ಮೊಣಕಾಲು ಗಂಜಿ. ಬೆರಳುಗಳು ಯಾರವೋ.
ಪ್ರಾರ್ಥನೆಗೆಂದು ಬಾಯಿ ತೆರೆದರೆ
ಬಂದದ್ದು ಒಂದೇ ಮಾತು, ಆಗುವುದಿಲ್ಲ.
ಆಗುವುದಿಲ್ಲ, ಆಗುವುದಿಲ್ಲ, ಎಂದು
ಕಲ್ಲಿಗೆ ಕೆನ್ನೆಯಿಟ್ಟು ಅತ್ತೆ.
ನೀನು ನಿದ್ದೆಯಲ್ಲಿದ್ದೆ. ನಿನ್ನ ಜೊಲ್ಲು
ನನ್ನ ಕತ್ತಿನಲ್ಲಿ ಬೆಚ್ಚಗೆ ಇಳಿಯುತ್ತಿತ್ತು.

ಆಗ ಕೆಳಗಿನಿಂದ ಒಂದು ಅಂಗೈ
ನನ್ನ ಹಿಮ್ಮಡಿಗೆ ಬಂತು.
"ಎಡ," ಎಂದರು.
ಎಡಗಾಲನ್ನೆತ್ತಿ ಒಂದು ಕುಳಿಯಲ್ಲಿಟ್ಟರು,
ಗೂಡಿನಲ್ಲಿ ದೀಪ ಇಡುವ ಹಾಗೆ.
"ಬಲ," ಎಂದರು.
ಬಲವಿಲ್ಲ ಕೆಶಿ, ಎಂದೆ.
"ಇದೆಯೇ ಎಂದು ಕೇಳಲಿಲ್ಲ.
ಕಾಲು ಕೊಡು."

ಕೊಟ್ಟೆ.
ಆ ದಿನವೆಲ್ಲ ನಾನು ಮಾಡಿದ್ದು ಅಷ್ಟೇ,
ಒಂದಾದಮೇಲೊಂದು ಕಾಲು ಕೊಟ್ಟದ್ದು.
ಕುಳಿಗಳು ನುಣ್ಣಗಿದ್ದವು, ಸವೆದ ಬೋಗುಣಿಯ ಹಾಗೆ.
ಉಳಿ ಮಾಡಿದ ನುಣುಪಲ್ಲ ಅದು,
ನನ್ನಂತೆ ನಡುಗಿದವರ ಹೆಬ್ಬೆರಳು
ನೂರಾರು ವರ್ಷ ತಡಕಿ ತಡಕಿ ತಿಕ್ಕಿದ್ದು.
ಧೈರ್ಯವಂತರು ತುದಿಗಾಲಲ್ಲಿ ದಾಟಿಹೋಗಿರಬೇಕು,
ಕಲ್ಲಿಗೆ ಅವರ ನೆನಪಿಲ್ಲ.

ಗವಿಯ ಬಾಗಿಲಲ್ಲಿ ತಿರುಗಿ ನೋಡಿದೆ.
ಕೆಶಿ ಕುಕ್ಕರುಗಾಲಲ್ಲಿ ಕೂತು
ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡಿದ್ದರು.
ಎರಡೂ ನಡುಗುತ್ತಿದ್ದವು, ಗಾಳಿಯಲ್ಲಿ ಜೋಳದ ಗರಿ.
ಎಂದಿನಿಂದ ಹೀಗೆ? ಎಂದೆ.
"ಮೂವತ್ತೊಂದು ವರ್ಷ. ಮೊದಲ ದಿನದಿಂದಲೂ.
ಎತ್ತರ ನನಗೆ ಆಗಿಬರುವುದಿಲ್ಲ."
ಹಾಗಾದರೆ ನನ್ನ ಕಾಲಡಿ ಅಲುಗದೆ ನಿಂತದ್ದು?
ಅಂಗೈಯ ಕಳ್ಳಿಮುಳ್ಳೊಂದನ್ನು ಹಲ್ಲಿನಲ್ಲಿ ಕಿತ್ತು
ಕಣಿವೆಗೆ ಉಗುಳಿದರು.
"ಒಳಗೆ ನಡೆ. ನೀರು ತಣ್ಣಗಿದೆ, ಮಗು ಅಳುತ್ತದೆ."

ಅತ್ತೆ ನೀನು,
ಗೋಡೆಯ ಮೇಲಿನ ದೊಡ್ಡಗಣ್ಣಿನ ಸಂತರು
ಇನ್ನಷ್ಟು ಕಣ್ಣು ಬಿಡುವ ಹಾಗೆ.

ಈಗ ನಿನಗೆ ನಡಿಗೆ ಬಂದಿದೆ,
ಎಡವಿದಲ್ಲೆಲ್ಲ ನನ್ನ ಮುಖ ನೋಡುತ್ತೀಯ,
ಇವಳ ಹತ್ತಿರ ಏನೋ ಇದೆ ಎಂಬಂತೆ.
ಆ ಬೆಟ್ಟದಿಂದ ನಾನೇನೂ ಶಕ್ತಿ ತರಲಿಲ್ಲ, ಮಗಳೇ.
ಕೊಡ ಈಗಲೂ ಅರ್ಧವೇ.
ಕೆಲವು ರಾತ್ರಿ, ಹಿಟ್ಟಿನ ಡಬ್ಬದ ತಳ ಕಂಡ ದಿನ,
ಕಂಬಳಿಯಾಚೆ ಕಾಲು ಚಾಚಿ
ಕತ್ತಲಿಗೆ ಹೇಳುತ್ತೇನೆ,
ಎಡ, ಇಗೋ.
ಬಲ ನಿನ್ನದು.